ಗಿಟಾರ್ ಎಲ್ಲಿ ಹೋಯಿತು? ರೇಡಿಯೋಹೆಡ್‌ನ ‘ಕಿಡ್ ಎ’ ಕುರಿತು ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: ನಾನು ಧಾರವಾಡದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಸ್ವಲ್ಪ ಗಿಟಾರ್ ನುಡಿಸುತ್ತೇನೆ. ಇಂಗ್ಲೆಂಡಿನ ರಾಕ್ ತಂಡ ರೇಡಿಯೋಹೆಡ್‌ನ ‘ದ ಬೆಂಡ್ಸ್’ ಮತ್ತು ‘ಓಕೆ ಕಂಪ್ಯೂಟರ್’ ಆಲ್ಬಂಗಳು ನನಗೆ ಪ್ರಾಣ. ಅದೇ ಹುಮ್ಮಸ್ಸಿನಲ್ಲಿ ಅವರ ಮುಂದಿನ ಆಲ್ಬಂ ‘ಕಿಡ್ ಎ’ ಹಾಕಿದರೆ ಗಿಟಾರೇ ಇಲ್ಲ. ಹಾಡುಗಳು ಶುರುವಾಗುತ್ತವೆ, ಎಲ್ಲಿಗೂ ಹೋಗುವುದಿಲ್ಲ, ಮುಗಿಯುತ್ತವೆ. ಮೂವರು ಗಿಟಾರ್ ನುಡಿಸುವ ತಂಡ ತನಗೆ ಚೆನ್ನಾಗಿ ಬರುವುದನ್ನೇ ಬಿಟ್ಟಿದ್ದು ಯಾಕೆ? ಇದು ನಿಜವಾದ ಬದಲಾವಣೆಯೋ, ಬುದ್ಧಿವಂತರು ಅನ್ನಿಸಿಕೊಳ್ಳುವ ಶೋಕಿಯೋ? ಗೆಳೆಯರೆಲ್ಲ ‘ನಿನಗೆ ಅರ್ಥವಾಗಲ್ಲ ಬಿಡು’ ಅಂತಾರೆ. ಇದನ್ನು ಕೇಳುವುದು ಹೇಗೆ?

ಉತ್ತರ: ಮೊದಲು ಒಂದು ಲೆಕ್ಕ ಸರಿಮಾಡೋಣ. ‘ಕಿಡ್ ಎ’ಯಲ್ಲಿ ಗಿಟಾರ್ ಇದೆ. ‘ಆಪ್ಟಿಮಿಸ್ಟಿಕ್’ ನಿಂತಿರುವುದೇ ಗಿಟಾರ್ ಮೇಲೆ. ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ಯ ಬೆನ್ನೆಲುಬು ಅಕೂಸ್ಟಿಕ್ ಗಿಟಾರ್. ನಡುವೆ ‘ಟ್ರೀಫಿಂಗರ್ಸ್’ ಅಂತ ತಾಳವೂ ಇಲ್ಲದ, ಮಾತೂ ಇಲ್ಲದ ಒಂದು ತುಣುಕು ಬರುತ್ತದಲ್ಲ, ಅದು ಸಿಂಥಸೈಜರ್ (ವಿದ್ಯುತ್ತಿನಿಂದ ಧ್ವನಿ ಹುಟ್ಟಿಸುವ ವಾದ್ಯ) ಎಂದುಕೊಂಡವರೇ ಹೆಚ್ಚು. ಅದೂ ತಂಡದ ಎಡ್ ಓಬ್ರಯನ್ ನುಡಿಸಿದ ಗಿಟಾರೇ. ಅದರ ತುಣುಕುಗಳನ್ನು ಎತ್ತಿಕೊಂಡು (ಸ್ಯಾಂಪಲ್ ಮಾಡಿ), ಎಳೆದು, ಗುರುತು ಸಿಗದ ಹಾಗೆ ಮಾಡಿದವನು ತಂಡದ ಗಾಯಕ ಟಾಮ್ ಯಾರ್ಕ್.

ಹಾಗಂತ ನಿಮ್ಮ ಕಿವಿ ತಪ್ಪು ಹೇಳಿಲ್ಲ. ಮೊದಲಿನ ಆಲ್ಬಂಗಳಲ್ಲಿ ಗಿಟಾರ್ ಹಾಡಿನ ಯಜಮಾನಿಕೆ ನಡೆಸುತ್ತಿತ್ತು. ಇಲ್ಲಿ ಅದು ಮನೆಯಲ್ಲಿದೆ, ಆದರೆ ಯಾರೂ ಅದನ್ನು ಕೇಳಿ ತೀರ್ಮಾನ ತೆಗೆದುಕೊಳ್ಳುವುದಿಲ್ಲ. ವಾದ್ಯ ಬದಲಾದದ್ದು ಮೇಲ್ನೋಟದ ಸಂಗತಿ. ಕೆಳಗೆ ಬದಲಾದದ್ದು ಹಾಡು ಕಟ್ಟುವ ಕ್ರಮ. ಅದು ಹಿಡಿತಕ್ಕೆ ಸಿಕ್ಕರೆ ಈ ಆಲ್ಬಂ ಅರ್ಧ ಸಿಕ್ಕಂತೆ.

ತಂಡ ಆಗ ಯಾವ ಸ್ಥಿತಿಯಲ್ಲಿತ್ತು ನೋಡಿ. ಆಕ್ಸ್‌ಫರ್ಡ್‌ಶೈರ್‌ನ ಆಬಿಂಗ್ಡನ್‌ನಲ್ಲಿ ಒಂದೇ ಶಾಲೆಯಲ್ಲಿ ಓದಿದ ಐವರು: ಟಾಮ್ ಯಾರ್ಕ್, ಅಣ್ಣತಮ್ಮಂದಿರಾದ ಕಾಲಿನ್ ಮತ್ತು ಜಾನಿ ಗ್ರೀನ್‌ವುಡ್, ಎಡ್ ಓಬ್ರಯನ್, ಡ್ರಮ್ಸ್‌ಗೆ ಫಿಲ್ ಸೆಲ್ವೇ. 1992ರಲ್ಲಿ ‘ಕ್ರೀಪ್’ ಬಂತು. ಆ ಒಂದು ಹಾಡಿನ ತಂಡ ಅನ್ನಿಸಿಕೊಳ್ಳುವ ಅಪಾಯದಿಂದ ‘ದ ಬೆಂಡ್ಸ್’ (1995) ಪಾರುಮಾಡಿತು. 1997ರ ‘ಓಕೆ ಕಂಪ್ಯೂಟರ್’ ಅವರನ್ನು ಎಲ್ಲಿಗೋ ಒಯ್ದು ಕೂರಿಸಿತು. ಅದರ ಬೆನ್ನಿಗೇ ಮುಗಿಯದ ವಿಶ್ವಪ್ರವಾಸ, ಒಂದೇ ಪ್ರಶ್ನೆ ಕೇಳುವ ಸಂದರ್ಶನಗಳು, ಕ್ಯಾಮೆರಾಗಳು. ಆ ವರ್ಷದ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಯಕ್ರಮ ಮುಗಿಸಿ ವೇದಿಕೆ ಇಳಿದ ಯಾರ್ಕ್‌ಗೆ ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ ಬಹಳ ದಿನ ಬರೆಯಲೂ ಆಗಲಿಲ್ಲ. ಗಿಟಾರ್ ಎತ್ತಿಕೊಂಡರೆ ಎರಡು ಸಾಲು ಬರುತ್ತಿತ್ತು, ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನೊಂದು ಕಿರಿಕಿರಿಯೂ ಇತ್ತು. ರೇಡಿಯೊ ಹಾಕಿದರೆ ತಮ್ಮದೇ ನೆರಳು. ಎತ್ತರದ ಸ್ಥಾಯಿಯಲ್ಲಿ ನರಳುವ ಗಂಡುದನಿ, ಹಿಂದೆ ಏರುತ್ತ ಹೋಗುವ ಗಿಟಾರ್. 90ರ ದಶಕದ ಕೊನೆಗೆ ಬ್ರಿಟನ್‌ನಲ್ಲಿ ಇದೊಂದು ಶೈಲಿಯೇ ಆಗಿಹೋಗಿತ್ತು. ಮ್ಯೂಸ್ ತಂಡದ ಮೊದಲ ಆಲ್ಬಂ 1999ರಲ್ಲಿ, ಕೋಲ್ಡ್‌ಪ್ಲೇ ತಂಡದ ‘ಪ್ಯಾರಾಶೂಟ್ಸ್’ 2000ದ ಬೇಸಿಗೆಯಲ್ಲಿ ಬಂದಾಗ ವಿಮರ್ಶಕರು ಮೊದಲು ಎತ್ತಿದ ಹೆಸರು ರೇಡಿಯೋಹೆಡ್‌ದೇ. ನೀವು ‘ಓಕೆ ಕಂಪ್ಯೂಟರ್’ ಭಾಗ ಎರಡು ಯಾಕೆ ಮಾಡಲಿಲ್ಲ ಎಂದು ಕೇಳುತ್ತಿದ್ದೀರಿ. ಅದನ್ನು ಆಗಲೇ ಬೇರೆಯವರು ಮಾಡತೊಡಗಿದ್ದರು.

ಯಾರ್ಕ್ ಕಾರ್ನ್‌ವಾಲ್‌ನ ಕಡಲ ಬದಿಯಲ್ಲಿ ಮನೆ ಮಾಡಿದ. ನಡೆದಾಡುವುದು, ಚಿತ್ರ ಬರೆಯುವುದು, ಪಿಯಾನೋ ಮುಂದೆ ಕೂರುವುದು. ಪಿಯಾನೋ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ, ಅದೇ ಅನುಕೂಲವಾಯಿತು. ಗಿಟಾರ್ ಹಿಡಿದರೆ ಬೆರಳು ತಾನೇ ಹಳೆಯ ಜಾಗಕ್ಕೆ ಹೋಗುತ್ತದೆ. ನೀವೂ ನುಡಿಸುವವರು, ನಿಮಗಿದು ಗೊತ್ತಿರುತ್ತದೆ. ಪಿಯಾನೋ ಮೇಲೆ ಬೆರಳಿಗೆ ಅಭ್ಯಾಸದ ದಾರಿ ಇರಲಿಲ್ಲ. ಇದೇ ಹೊತ್ತಿಗೆ ಅವನು ಶೆಫೀಲ್ಡ್‌ನಲ್ಲಿ ಹುಟ್ಟಿದ ವಾರ್ಪ್ ಎಂಬ ಎಲೆಕ್ಟ್ರಾನಿಕ್ ಸಂಗೀತ ಸಂಸ್ಥೆಯ ಹಳೆಯ ಬಿಡುಗಡೆಗಳನ್ನೆಲ್ಲ ತರಿಸಿಕೊಂಡು ಕೇಳತೊಡಗಿದ: ಏಫೆಕ್ಸ್ ಟ್ವಿನ್, ಆಟೆಕರ್ ಮುಂತಾದವರು. ಪಲ್ಲವಿ ಇಲ್ಲ, ಹಾಡುಗಾರ ಇಲ್ಲ, ಧ್ವನಿಯ ಮೈವಳಿಕೆಯೇ ಎಲ್ಲ. ರಾಗಮಾಧುರ್ಯ ತನಗೆ ಸಾಕಾಗಿಹೋಗಿದೆ, ಬೇಕಿರುವುದು ಲಯ ಮಾತ್ರ ಎಂಬ ಧಾಟಿಯಲ್ಲಿ ಆಮೇಲೆ ಅವನು ಹೇಳಿಕೊಂಡಿದ್ದಾನೆ. ಇದನ್ನು ಪೂರ್ತಿ ನಂಬಬೇಡಿ. ‘ಕಿಡ್ ಎ’ಯಲ್ಲಿ ರಾಗಮಾಧುರ್ಯಕ್ಕೆ ಬರವಿಲ್ಲ.

ಉಳಿದ ನಾಲ್ವರಿಗೆ ಇದು ಹೇಗೆ ಕಂಡಿರಬೇಕು? ಓಬ್ರಯನ್‌ಗೆ ಬೇಕಿದ್ದದ್ದು ಚಿಕ್ಕಚಿಕ್ಕ, ಚುರುಕಾದ ಗಿಟಾರ್ ಹಾಡುಗಳ ಆಲ್ಬಂ. ಕಾಲಿನ್‌ಗೆ ವಾರ್ಪ್‌ನ ಸಂಗೀತ ತಣ್ಣಗೆ ಕಂಡಿತು. ಸೆಲ್ವೇಯ ಚಿಂತೆ ಊಹಿಸುವುದು ಕಷ್ಟವಲ್ಲ. ಡ್ರಮ್ ಮಷೀನ್ ಬಂದ ಮನೆಯಲ್ಲಿ ಡ್ರಮ್ಮರ್‌ಗೆ ಏನು ಕೆಲಸ? 1999ರ ಜನವರಿಯಲ್ಲಿ ನಿರ್ಮಾಪಕ ನೈಜೆಲ್ ಗಾಡ್ರಿಚ್ ಜೊತೆ ಪ್ಯಾರಿಸ್‌ನಲ್ಲಿ ಕೂತರು, ಮಾರ್ಚ್‌ನಲ್ಲಿ ಕೋಪನ್‌ಹೇಗನ್‌ಗೆ ಹೋದರು. ಟೇಪುಗಳು ರಾಶಿ ಬಿದ್ದವು, ಮುಗಿದ ಹಾಡು ಒಂದೂ ಇರಲಿಲ್ಲ. ಏಪ್ರಿಲ್‌ನಲ್ಲಿ ಗ್ಲಾಸ್ಟರ್‌ಶೈರ್‌ನ ಒಂದು ದೊಡ್ಡ ಬಂಗಲೆ, ಅದಾದ ಮೇಲೆ ಆಕ್ಸ್‌ಫರ್ಡ್‌ಶೈರ್‌ನಲ್ಲಿ ತಾವೇ ಕಟ್ಟಿಸಿಕೊಂಡ ಸ್ಟುಡಿಯೊ. ಓಬ್ರಯನ್ ಆ ದಿನಗಳಲ್ಲಿ ತಂಡದ ಜಾಲತಾಣದಲ್ಲಿ ದಿನಚರಿ ಬರೆಯುತ್ತಿದ್ದ. ತಂಡ ಒಡೆದುಹೋಗುವ ಮಾತೂ ಆ ಅವಧಿಯಲ್ಲಿ ಬಂದುಹೋಗಿದೆ.

ಗಾಡ್ರಿಚ್ ಒಂದು ಉಪಾಯ ಹೂಡಿದ್ದು 2000ದ ಜನವರಿಯಲ್ಲಿ. ತಂಡವನ್ನು ಎರಡು ಗುಂಪು ಮಾಡಿದ. ಒಂದು ಗುಂಪು ಗಿಟಾರ್, ಡ್ರಮ್ಸ್ ಮುಟ್ಟದೆ ಏನಾದರೊಂದು ಧ್ವನಿಯನ್ನೋ ಲಯವನ್ನೋ ಹುಟ್ಟಿಸಬೇಕು. ಇನ್ನೊಂದು ಗುಂಪು ಅದನ್ನು ಬೆಳೆಸಬೇಕು. ಹೀಗೆ ಹುಟ್ಟಿ ಪೂರ್ತಿಯಾದ ಹಾಡು ಒಂದೂ ಇಲ್ಲ. ಆದರೂ ಓಬ್ರಯನ್‌ನಂಥ ಗಿಟಾರ್ ವಾದಿಗೆ ಈ ದಾರಿಯಲ್ಲೂ ಏನೋ ಇದೆ ಎಂದು ನಂಬಿಕೆ ಬಂದದ್ದು ಅದರಿಂದಲೇ. ಕಷ್ಟಪಟ್ಟು ಕಲಿತ ವಿದ್ಯೆಯನ್ನು ಬದಿಗಿಟ್ಟು, ಬಾರದ ಕೆಲಸಕ್ಕೆ ಮೊದಲ ದಿನದ ಶಿಷ್ಯನಂತೆ ಕೂರುವುದು ಹೆಸರು ಮಾಡಿದವರಿಗೆ ಸುಲಭವಲ್ಲ. ಬರೀ ಶೋಕಿಗಾಗಿ ದಿಕ್ಕು ಬದಲಿಸುವವರು ಸಾಮಾನ್ಯವಾಗಿ ತಮಗೆ ನೋವಾಗದಷ್ಟು ಮಾತ್ರ ಬದಲಿಸುತ್ತಾರೆ. ಇವರಿಗೆ ನೋವಾಗಿದೆ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರದ ಮೊದಲ ಕಂತು ಇದು.

ಈಗ ಆ ಕ್ರಮ ಏನು ಅಂತ ಹತ್ತಿರದಿಂದ ನೋಡೋಣ.

‘ಓಕೆ ಕಂಪ್ಯೂಟರ್’ವರೆಗೆ ರೂಢಿ ಹೀಗಿತ್ತು: ಯಾರ್ಕ್ ಒಂದು ಹಾಡು ತರುತ್ತಾನೆ. ಕಾರ್ಡ್‌ಗಳಿವೆ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು), ಸಾಹಿತ್ಯವಿದೆ, ಚರಣ ಪಲ್ಲವಿ ಇವೆ. ಐವರೂ ಕೂತು ಅದಕ್ಕೆ ಬಟ್ಟೆ ತೊಡಿಸುತ್ತಾರೆ. ‘ಕಿಡ್ ಎ’ಯಲ್ಲಿ ಬಹಳ ಕಡೆ ಇದು ತಿರುವುಮುರುವಾಗಿದೆ. ಮೊದಲು ಒಂದು ಧ್ವನಿ ಸಿಗುತ್ತದೆ, ಅದರೊಳಗಿಂದ ಹಾಡನ್ನು ಹೆಕ್ಕಿ ತೆಗೆಯುತ್ತಾರೆ. ಇದು ಅವರ ಆವಿಷ್ಕಾರವೇನಲ್ಲ. 70ರ ದಶಕದ ಜರ್ಮನಿಯ ಕ್ಯಾನ್ ತಂಡ ಗಂಟೆಗಟ್ಟಲೆ ನುಡಿಸಿ, ಟೇಪು ಕತ್ತರಿಸಿ ಹಾಡು ಮಾಡುತ್ತಿತ್ತು. ಟಾಕಿಂಗ್ ಹೆಡ್ಸ್ ತಂಡ 1980ರ ‘ರಿಮೇನ್ ಇನ್ ಲೈಟ್’ ಆಲ್ಬಂಗೆ ಸ್ಟುಡಿಯೊ ಹೊಕ್ಕಾಗ ಕೈಯಲ್ಲಿ ಸಿದ್ಧ ಹಾಡುಗಳಿರಲಿಲ್ಲ. ಲಯದ ತುಣುಕುಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದರು. ರೇಡಿಯೋಹೆಡ್ ತನ್ನ ಹೆಸರನ್ನು ತೆಗೆದುಕೊಂಡದ್ದೂ ಟಾಕಿಂಗ್ ಹೆಡ್ಸ್‌ನ ಒಂದು ಹಾಡಿನಿಂದಲೇ, ಹಾಗಾಗಿ ಈ ಸಾಲ ಹಳೆಯದು. ಸಾಹಿತ್ಯಕ್ಕೂ ಯಾರ್ಕ್ ಇಂಥದೇ ದಾರಿ ಹಿಡಿದ: ಸಾಲುಗಳನ್ನು ಚೀಟಿ ಮಾಡಿ, ಟೋಪಿಯಲ್ಲಿ ಹಾಕಿ, ಕೈಗೆ ಬಂದದ್ದನ್ನು ಎತ್ತಿ ಹಾಡುವುದು. ಅರ್ಥ ಹುಡುಕಿ ಸುಸ್ತಾಗಿದ್ದರೆ ಇದನ್ನು ನೆನಪಿಡಿ.

‘ಇಡಿಯೊಟೆಕ್’ ಹುಟ್ಟಿದ ಬಗೆ ಇದಕ್ಕೆ ಒಳ್ಳೆಯ ಉದಾಹರಣೆ. ಜಾನಿ ಗ್ರೀನ್‌ವುಡ್ ಒಂದು ಮಾಡ್ಯುಲರ್ ಸಿಂಥಸೈಜರ್ ಇಟ್ಟುಕೊಂಡು ತಂತಿ ಚುಚ್ಚಿ, ಕಿತ್ತು, ಬಡಿತಗಳನ್ನು ಎಬ್ಬಿಸುತ್ತಿದ್ದ. ನಡುವೆ ಸೆಕೆಂಡ್‌ಹ್ಯಾಂಡ್ ಎಲ್‌ಪಿಯೊಂದರಿಂದ ತುಣುಕು ಹಾಕಿದ. ಅದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಲ್ ಲ್ಯಾನ್ಸ್‌ಕಿ 1973ರಲ್ಲಿ ಐಬಿಎಂ ಮೇನ್‌ಫ್ರೇಮ್ ಕಂಪ್ಯೂಟರ್ ಮೇಲೆ ರಚಿಸಿದ ‘ಮಿಲ್ಡ್ ಉಂಡ್ ಲೈಸ’. ಅದರಲ್ಲಿ ಕೆಲವೇ ಸೆಕೆಂಡಿನ ನಾಲ್ಕು ಕಾರ್ಡ್‌ಗಳು. ಹೀಗೆ ಸುಮಾರು 50 ನಿಮಿಷದ ಗಲಾಟೆಯನ್ನು ಟೇಪಿಗೆ ಇಳಿಸಿ ಯಾರ್ಕ್ ಕೈಗೆ ಕೊಟ್ಟ. ಯಾರ್ಕ್ ಅದನ್ನೆಲ್ಲ ಕೇಳಿ, ಒಂದು ನಿಮಿಷಕ್ಕೂ ಕಡಿಮೆಯಿರುವ ಒಂದು ಭಾಗದಲ್ಲಿ ನಿಂತ. ಹಾಡು ಅಲ್ಲಿಂದ ಬೆಳೆಯಿತು. ಲ್ಯಾನ್ಸ್‌ಕಿಗೆ ಪತ್ರ ಬರೆದು ಒಪ್ಪಿಗೆ ತೆಗೆದುಕೊಂಡರು. ಆ ನಾಲ್ಕು ಕಾರ್ಡ್‌ಗಳ ಮೂಲ ಇನ್ನೂ ಹಿಂದಕ್ಕೆ, ವಾಗ್ನರ್‌ನ ‘ಟ್ರಿಸ್ಟಾನ್’ ಆಪೆರಾದ ಹೆಸರುವಾಸಿ ಕಾರ್ಡ್‌ನವರೆಗೆ ಹೋಗುತ್ತದೆ. 19ನೇ ಶತಮಾನದ ಆಪೆರಾ, 70ರ ದಶಕದ ಕಂಪ್ಯೂಟರ್ ಪ್ರಯೋಗಾಲಯ, ಆಮೇಲೆ ಆಕ್ಸ್‌ಫರ್ಡ್‌ನ ರಾಕ್ ತಂಡ. ಇಷ್ಟು ದೂರ ಬಂದು ಕೊನೆಗೆ ಅದು ಕುಣಿಸುವ ಹಾಡಾಗಿದೆ ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಮೊದಲ ಹಾಡು ‘ಎವೆರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್’ ಕಾರ್ನ್‌ವಾಲ್‌ನ ಪಿಯಾನೋ ಮೇಲೆ ಹುಟ್ಟಿದ್ದು. ಪಿಯಾನೋದಲ್ಲಿ ಅದು ಗಾಡ್ರಿಚ್‌ಗೆ ಅಷ್ಟೇನೂ ಹಿಡಿಸಲಿಲ್ಲ. ಅದೇ ಕಾರ್ಡ್‌ಗಳನ್ನು ಪ್ರಾಫೆಟ್-5 ಎಂಬ ಸಿಂಥಸೈಜರ್‌ಗೆ ದಾಟಿಸಿದಾಗ ಹಾಡಿಗೆ ಜೀವ ಬಂತು. ಹಿಂದೆ ಯಾರ್ಕ್‌ನ ಕಂಠವನ್ನೇ ಚೂರುಚೂರು ಮಾಡಿ ಚೆಲ್ಲಿದ್ದಾರೆ. ಇನ್ನೊಮ್ಮೆ ಹಾಕಿಕೊಂಡು ಬೆರಳು ಮಡಚಿ ಎಣಿಸಿ: ಆವರ್ತ ನಾಲ್ಕಕ್ಕಲ್ಲ, ಹತ್ತಕ್ಕೆ ಮುಗಿಯುತ್ತದೆ. ಅದಕ್ಕೇ ಅಷ್ಟು ಸರಳವಾಗಿದ್ದೂ ಅದು ಎಲ್ಲೋ ಜಾರುತ್ತಿದೆ ಅನ್ನಿಸುವುದು. ಇನ್ನು ಕೊನೆಯ ಭಾಗದ ‘ಮಾರ್ನಿಂಗ್ ಬೆಲ್’ ಐದರ ಎಣಿಕೆ. ನಮಗೆ ಐದು ಹೊಸದಲ್ಲ, ಖಂಡ ಗತಿಯಲ್ಲಿ ಕೈ ಹಾಕುವ ಅಭ್ಯಾಸವಿದ್ದವರಿಗೆ ಇದು ತೊಡಕೂ ಅಲ್ಲ. ನಾಲ್ಕಕ್ಕೆ ಮಾತ್ರ ತಲೆದೂಗಿದ ರಾಕ್ ಕಿವಿಗೆ ಇದು ಕಾಲು ಎಡವಿದ ಹಾಗೆ ಕೇಳುತ್ತದೆ. ‘ಎಲ್ಲಿಗೂ ಹೋಗುವುದಿಲ್ಲ’ ಎಂದಿರಲ್ಲ, ಅದರ ಒಂದು ಕಾರಣ ಈ ಲೆಕ್ಕಗಳಲ್ಲಿದೆ. ಇನ್ನೊಂದು, ಹಾಡುಗಳು ಸುತ್ತು ಹೊಡೆಯುವ ಹಾಗೆ ಕಟ್ಟಿರುವುದು. ಪಲ್ಲವಿಗೆ ಏರಿ ಸಿಡಿಯುವ ಬದಲು ಒಂದೇ ಚಕ್ರಕ್ಕೆ ಪದರ ಸೇರಿಸುತ್ತ ಹೋಗುತ್ತಾರೆ. ತಲುಪುವ ಜಾಗ ಹುಡುಕುವ ಕಿವಿಗೆ ಅಲ್ಲಿ ಏನೂ ಸಿಗುವುದಿಲ್ಲ, ಒಪ್ಪುತ್ತೇನೆ.

ಆಲ್ಬಂನ ಹೆಸರು ಹೊತ್ತ ಹಾಡಿನಲ್ಲಿ ಮಗುವೋ ಯಂತ್ರವೋ ತಿಳಿಯದ ಒಂದು ದನಿ ಇದೆ. ಅದನ್ನು ಬರೀ ಕಂಪ್ಯೂಟರ್ ಕರಾಮತ್ತು ಅಂದುಕೊಳ್ಳಬೇಡಿ. ಯಾರ್ಕ್ ಸಾಲುಗಳನ್ನು ಸುಮ್ಮನೆ ಮಾತಿನಂತೆ ಹೇಳಿದ. ಅದನ್ನು ಮಾತಿಗೆ ವಾದ್ಯದ ಸ್ವರ ಹೊಂದಿಸುವ ವೋಕೋಡರ್ ಎಂಬ ಯಂತ್ರದ ಮೂಲಕ ಹಾಯಿಸಿ, ಸ್ವರಗಳನ್ನು ಕೊಟ್ಟವನು ಜಾನಿ, ಆಂಡ್ಸ್ ಮಾರ್ತನೋ ಎಂಬ ವಾದ್ಯದ ಮೇಲೆ. ಅಂದರೆ ಉಚ್ಚಾರ ಒಬ್ಬನದು, ರಾಗ ಇನ್ನೊಬ್ಬನ ಬೆರಳಿನದು. ಈ ಆಲ್ಬಂ ನಿರ್ಜೀವ, ಮನುಷ್ಯರ ಸುಳಿವಿಲ್ಲ ಎನ್ನುವವರಿಗೆ ನಾನು ತೋರಿಸುವ ಮೊದಲ ಜಾಗ ಇದೇ.

ಆ ವಾದ್ಯದ ಬಗ್ಗೆ ಎರಡು ಮಾತು ಹೇಳದಿರಲಾರೆ. ಫ್ರಾನ್ಸ್‌ನ ಮೋರಿಸ್ ಮಾರ್ತನೋ 1928ರಲ್ಲಿ ಜನರ ಮುಂದಿಟ್ಟ ಎಲೆಕ್ಟ್ರಾನಿಕ್ ವಾದ್ಯ ಅದು. ಬೆರಳಿಗೆ ಉಂಗುರ ತೊಟ್ಟು, ಅದಕ್ಕೆ ಕಟ್ಟಿದ ದಾರವನ್ನು ಎಳೆಯುತ್ತ ಸ್ವರದಿಂದ ಸ್ವರಕ್ಕೆ ಜಾರಬಹುದು. ಗಮಕ ಬಲ್ಲ ಕಿವಿಗೆ ಇದು ತಕ್ಷಣ ಆಪ್ತವಾಗುತ್ತದೆ. ಕೀಬೋರ್ಡ್‌ನ ಮೆಟ್ಟಿಲುಗಳ ನಡುವಿನ ಜಾಗವೆಲ್ಲ ಅದರ ಕೈಗೆ ಸಿಗುತ್ತದೆ. ಜಾನಿ ಹುಡುಗನಾಗಿದ್ದಾಗ ಅದನ್ನು ಕೇಳಿದ್ದು ಫ್ರೆಂಚ್ ಸಂಗೀತಗಾರ ಒಲಿವಿಯೇ ಮೆಸ್ಸಿಯಾನ್‌ನ ‘ತುರಂಗಲೀಲಾ’ ಸಿಂಫನಿಯಲ್ಲಿ. ಹೌದು, ಸಂಸ್ಕೃತದ ಹೆಸರೇ. ಮೆಸ್ಸಿಯಾನ್ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿ ಪಟ್ಟಿಮಾಡಿರುವ 120 ದೇಶೀ ತಾಳಗಳನ್ನು ಅಭ್ಯಾಸ ಮಾಡಿ ತನ್ನ ರಚನೆಗಳಲ್ಲಿ ಬಳಸಿಕೊಂಡವನು. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿ ಬರೆದ ಗ್ರಂಥವೊಂದರ ಎಳೆ ಪ್ಯಾರಿಸ್‌ಗೆ ಹೋಗಿ, ಆ ಸಿಂಫನಿ ಒಬ್ಬ ಇಂಗ್ಲಿಷ್ ಹುಡುಗನ ತಲೆ ಹೊಕ್ಕಿತು. ‘ಕಿಡ್ ಎ’ಯಲ್ಲಿ ದೇಶೀ ತಾಳವಿದೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿಕೊಂಡು ತಿರುಗಬೇಡಿ.

‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ಯಲ್ಲಿ ಅದೇ ವಾದ್ಯದ ಪದರಗಳ ಜೊತೆ ಜಾನಿ ಬರೆದ ತಂತಿವಾದ್ಯಗಳಿವೆ. ತಂಡದಲ್ಲಿ ಸಂಗೀತಶಾಸ್ತ್ರ ಕಲಿತವನು ಅವನೊಬ್ಬನೇ. ಆರ್ಕೆಸ್ಟ್ರಾ ಆಫ್ ಸೇಂಟ್ ಜಾನ್ಸ್ ಎಂಬ ಮೇಳವನ್ನು ಸ್ಟುಡಿಯೊಗೆ ಹತ್ತಿರದ ಡಾರ್ಚೆಸ್ಟರ್ ಆಬಿ ಎಂಬ ಹಳೆಯ ಚರ್ಚಿನಲ್ಲಿ ಕೂರಿಸಿ ಧ್ವನಿಮುದ್ರಿಸಿದರು. ಕೊನೆಯ ಒಂದು ನಿಮಿಷ ಕಿವಿಗೊಟ್ಟು ಕೇಳಿ: ತಂತಿಗಳು ಶ್ರುತಿ ಬಿಟ್ಟು ಚೆದುರಿ ಹೋಗಿ, ಇನ್ನು ಎಲ್ಲ ಕುಸಿಯಿತು ಅನ್ನುವಾಗ ಮತ್ತೆ ಒಂದೆಡೆ ಬಂದು ಸೇರುತ್ತವೆ. ಜಾನಿ ಮುಂದೆ ‘ದೇರ್ ವಿಲ್ ಬಿ ಬ್ಲಡ್’ (2007) ಮೊದಲಾದ ಚಿತ್ರಗಳಿಗೆ ಮಾಡಿದ ಸಂಗೀತದ ಬೀಜ ಇಲ್ಲಿದೆ. ಇದೇ ಜಾನಿ 2015ರಲ್ಲಿ ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ರಾಜಸ್ಥಾನದ ಕಲಾವಿದರ ಜೊತೆ ಕೂತು ‘ಜುನೂನ್’ ಆಲ್ಬಂ ಮಾಡಿದ.

‘ದ ನ್ಯಾಷನಲ್ ಆಂಥಮ್’ ಬಗ್ಗೆ ಚಿಕ್ಕದಾಗಿ: ಆ ಬೇಸ್ ಗಿಟಾರ್ ಸಾಲನ್ನು ಯಾರ್ಕ್ ಹದಿನಾರರ ವಯಸ್ಸಿನಲ್ಲೇ ಕಟ್ಟಿದ್ದ, ಧ್ವನಿಮುದ್ರಣದಲ್ಲಿ ನುಡಿಸಿದವನೂ ಅವನೇ. ಚಾರ್ಲ್ಸ್ ಮಿಂಗಸ್‌ನ ಜಾಜ್ ಮೇಳದ ಕಾವು ಬೇಕೆಂದು ಹಿತ್ತಾಳೆ ವಾದ್ಯದವರನ್ನು ಕರೆಸಿ, ಎದುರು ನಿಂತು ಕುಣಿಕುಣಿದು ನಿರ್ದೇಶಿಸಲು ಹೋಗಿ ಯಾರ್ಕ್ ಕಾಲು ಮುರಿದುಕೊಂಡ. ಇಷ್ಟು ಬೆವರಿದ ಹಾಡನ್ನು ತಣ್ಣಗಿನ ಪ್ರಯೋಗ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಶೋಕಿಯ ಪ್ರಶ್ನೆಗೆ ಮರಳುತ್ತೇನೆ. 2000ದ ಅಕ್ಟೋಬರ್ 2ರಂದು ಆಲ್ಬಂ ಬ್ರಿಟನ್‌ನಲ್ಲಿ ಹೊರಬಂತು. ಬಿಡಿಯಾಗಿ ಹೊರತರುವ ಹಾಡು (ಸಿಂಗಲ್) ಇಲ್ಲ, ಮಾಮೂಲಿ ಮ್ಯೂಸಿಕ್ ವಿಡಿಯೊ ಇಲ್ಲ. ಅವುಗಳ ಬದಲು ಕೆಲವೇ ಸೆಕೆಂಡಿನ ವಿಚಿತ್ರ ಅನಿಮೇಷನ್ ತುಣುಕುಗಳು. ಅಂತರ್ಜಾಲದಲ್ಲಿ ಆಲ್ಬಂ ಕೇಳುವ ವ್ಯವಸ್ಥೆಯನ್ನು ಅಮೆರಿಕದಲ್ಲಿ ಅದನ್ನು ಹೊರತಂದ ಸಂಸ್ಥೆಯೇ ಮಾಡಿತ್ತು. ಅದು ಆಗ ಹೊಸದು. ಅದಕ್ಕೂ ಮೊದಲೇ ಇಡೀ ಆಲ್ಬಂ, ಜನ ಹಾಡು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಎಂಬ ಅಂತರ್ಜಾಲ ಸೇವೆಯಲ್ಲಿ ಸೋರಿ ಹೋಗಿತ್ತು. ಯುರೋಪಿನ ಕಾರ್ಯಕ್ರಮಗಳನ್ನು ಯಾವ ಕಂಪನಿಯ ಜಾಹೀರಾತೂ ಇಲ್ಲದ ತಮ್ಮದೇ ಡೇರೆಯಲ್ಲಿ ನಡೆಸಿದರು. ವ್ಯಾಪಾರದ ಆತ್ಮಹತ್ಯೆ ಎಂದೇ ಎಲ್ಲರ ಎಣಿಕೆ. ಆದರೆ ಆಲ್ಬಂ ಬ್ರಿಟನ್‌ನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ಅಮೆರಿಕದಲ್ಲಿ ಅವರಿಗೆ ಅದೇ ಮೊದಲ ಸಲ. ಮರುವರ್ಷ ಅತ್ಯುತ್ತಮ ಆಲ್ಟರ್ನೇಟಿವ್ ಆಲ್ಬಂಗೆ ಗ್ರ್ಯಾಮಿಯೂ ಬಂತು. ಏನೂ ಪ್ರಚಾರ ಮಾಡುವುದಿಲ್ಲ ಎನ್ನುವುದು ಒಂದು ಬಗೆಯ ಪ್ರಚಾರವೇ ಎಂಬ ಮಾತಿದೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ‘ಓಕೆ ಕಂಪ್ಯೂಟರ್’ ಗಳಿಸಿಕೊಟ್ಟ ಪುಣ್ಯ ಇಲ್ಲದಿದ್ದರೆ ಯಾವ ಸಂಸ್ಥೆಯೂ ಇದಕ್ಕೆ ಒಪ್ಪುತ್ತಿರಲಿಲ್ಲ.

ವಿಮರ್ಶಕರಲ್ಲಿ ಒಮ್ಮತವೇನೂ ಇರಲಿಲ್ಲ. ಬ್ರಿಟನ್‌ನ ‘ಮೆಲೊಡಿ ಮೇಕರ್’ ವಾರಪತ್ರಿಕೆ ಕಟುವಾಗಿಯೇ ಬರೆಯಿತು. ಕಾದಂಬರಿಕಾರ ನಿಕ್ ಹಾರ್ನ್‌ಬಿ ‘ನ್ಯೂಯಾರ್ಕರ್’ನಲ್ಲಿ ತೆಗೆದ ತಕರಾರು ಹೆಚ್ಚುಕಡಿಮೆ ನಿಮ್ಮದೇ: ರಾತ್ರಿಗಟ್ಟಲೆ ಕೂತು ತಲೆ ಕೆಡಿಸಿಕೊಂಡರೆ ಮಾತ್ರ ಒಲಿಯುವ ಆಲ್ಬಂ ಇದು, ದುಡಿದು ಮನೆಗೆ ಬರುವವರಿಗೆ ಅಷ್ಟು ಹೊತ್ತೆಲ್ಲಿದೆ ಎಂದು. ಅತ್ತ ಪಿಚ್‌ಫೋರ್ಕ್ ಎಂಬ ಸಂಗೀತ ಜಾಲತಾಣ ಹತ್ತಕ್ಕೆ ಹತ್ತು ಕೊಟ್ಟಿತು. ದಶಕ ಮುಗಿದಾಗ ಅದೂ ‘ರೋಲಿಂಗ್ ಸ್ಟೋನ್’ ಪತ್ರಿಕೆಯೂ ಇದನ್ನೇ ಆ ಹತ್ತು ವರ್ಷದ ಮೊದಲ ಆಲ್ಬಂ ಎಂದವು. ಈ ಪಟ್ಟಿಗಳನ್ನು ಹೇಳಿದ್ದು ನಿಮ್ಮನ್ನು ಹೆದರಿಸಲಿಕ್ಕಲ್ಲ. ಹಾರ್ನ್‌ಬಿ ಮಾತಿನಲ್ಲಿ ಹುರುಳಿದೆ. ನೀವು ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ, ರಾತ್ರಿಗಳಿಗೇನು ಬರವಿಲ್ಲ, ಅಷ್ಟರಮಟ್ಟಿಗೆ ಅದೃಷ್ಟವಂತರು.

ನನ್ನ ತೀರ್ಪು ಕೇಳಿದರೆ, ಬದಲಾವಣೆ ನಿಜವಾದದ್ದು, ಆಲ್ಬಂ ಪೂರ್ತಿ ಸಮನಾಗಿಲ್ಲ. ‘ಟ್ರೀಫಿಂಗರ್ಸ್’ ನನಗೆ ಇಂದಿಗೂ ಉಸಿರು ತೆಗೆದುಕೊಳ್ಳುವ ಜಾಗವಷ್ಟೇ, ಅದಕ್ಕಿಂತ ಹೆಚ್ಚು ಮಹತ್ವ ಕೊಡುವವರ ಜೊತೆ ನನಗೆ ಜಗಳವಿದೆ. ‘ಇನ್ ಲಿಂಬೊ’ ಹೆಸರಿಗೆ ತಕ್ಕಂತೆ ತೇಲಿ ಹೋಗುತ್ತದೆ. ‘ಆಪ್ಟಿಮಿಸ್ಟಿಕ್’ ಒಳ್ಳೆಯ ಹಾಡು, ಆದರೆ ಹಳೆಯ ಮನೆಯ ಹಾಡು. ಹೊಸ ಮನೆಯಲ್ಲಿ ಅದೇ ಸ್ವಲ್ಪ ಅಪರಿಚಿತವಾಗಿ ಕಾಣುವುದು ತಮಾಷೆ. ಕೊನೆಯ ‘ಮೋಷನ್ ಪಿಕ್ಚರ್ ಸೌಂಡ್‌ಟ್ರ್ಯಾಕ್’ ಇನ್ನೂ ಹಳೆಯದು, ‘ಕ್ರೀಪ್’ಗಿಂತಲೂ ಮೊದಲು ಬರೆದದ್ದು. ಪೆಡಲ್ ಹಾರ್ಮೋನಿಯಂನಂಥ ಆರ್ಗನ್, ಅದರ ಮೇಲೆ ಹಾರ್ಪ್‌ನ ಮಳೆ. ದಿಕ್ಕು ಬದಲಿಸಿದ ಆಲ್ಬಂ ತಂಡದ ಅತಿ ಹಳೆಯ ಹಾಡುಗಳಲ್ಲೊಂದರಿಂದ ಮುಗಿಯುತ್ತದೆ. ಹಾಗಾಗಿ ಹಿಂದಿನದನ್ನೆಲ್ಲ ಸುಟ್ಟು ಹೊರಟರು ಎಂಬ ಕಥೆ ಅಷ್ಟು ಸರಿಯಲ್ಲ.

ದಿಕ್ಕು ಬದಲಿಸಿದ್ದಕ್ಕೆ ಅಭಿಮಾನಿಗಳಿಂದ ಬೈಸಿಕೊಂಡ ತಂಡಗಳು ಬೇಕಾದಷ್ಟಿವೆ. ನಮ್ಮ ಕಡೆಯವರಿಗೆ ಹತ್ತಿರದ ಉದಾಹರಣೆ ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರನ್ನು ಕೇಳಲು ದೇಶದ ಮೂಲೆಮೂಲೆಯಿಂದ ಜನ ಬಂದಿದ್ದರು. ಆ ಅಭಿಮಾನಿಗಳಲ್ಲಿ 1991ರ ಕಪ್ಪು ಮುಖಪುಟದ ಆಲ್ಬಂ, 1996ರ ‘ಲೋಡ್’ ಬಗ್ಗೆ ಇವತ್ತಿಗೂ ವಾದ ನಿಂತಿಲ್ಲ. ಆದರೆ ಮೆಟಾಲಿಕಾ ಮಾಡಿದ್ದು ಉದ್ದದ ಹಾಡುಗಳನ್ನು ಮೊಟಕು ಮಾಡಿ, ವೇಗ ಇಳಿಸಿ, ದೊಡ್ಡ ಸಭೆಗೆ ತಲುಪುವ ಹಾಗೆ ನುಡಿಸಿದ್ದು. ವಾದ್ಯಗಳು ಅವೇ, ಕೂತು ನುಡಿಸುವ ಕ್ರಮವೂ ಹೆಚ್ಚೇನು ಬದಲಾಗಲಿಲ್ಲ. ರೇಡಿಯೋಹೆಡ್‌ನದು ಬೇರೆ ಜಾತಿಯ ತಿರುವು. ‘ಇದು ರಾಕ್ ಹೌದೇ’ ಎಂಬ ಚರ್ಚೆ ನಿಮ್ಮ ಗೆಳೆಯರಿಗೆ ಬಿಟ್ಟುಬಿಡಿ, ಅದರಿಂದ ಕೇಳುವುದಕ್ಕೆ ಏನೂ ಪ್ರಯೋಜನವಿಲ್ಲ.

ಕೇಳುವುದು ಹೇಗೆ ಎಂದಿರಿ. ಫೋನಿನ ಸ್ಪೀಕರಿನಲ್ಲಿ ಬೇಡವೇ ಬೇಡ. ಅರ್ಧ ಆಲ್ಬಂ ಇರುವುದು ಕೆಳಸ್ಥಾಯಿಯಲ್ಲಿ ಮತ್ತು ಎಡಬಲದ ಓಡಾಟದಲ್ಲಿ. ಒಂದು ಸಾಧಾರಣ ಹೆಡ್‌ಫೋನ್ ಸಾಕು. ಎಲ್ಲ ಸೇರಿ ಸುಮಾರು 50 ನಿಮಿಷ, ಆದರೆ ಮೊದಲ ಸಲ ಕ್ರಮವಾಗಿ ಕೇಳಲೇಬೇಕು ಎಂಬ ಮಡಿ ನನಗಿಲ್ಲ. ಗಿಟಾರ್ ಕಿವಿಯವರು ‘ದ ನ್ಯಾಷನಲ್ ಆಂಥಮ್’ನಿಂದ ಶುರುಮಾಡಿ, ಆ ಬೇಸ್ ಸಾಲನ್ನು ನಿಮ್ಮ ಗಿಟಾರ್‌ನ ದಪ್ಪ ತಂತಿಯ ಮೇಲೆ ನುಡಿಸಿ ನೋಡಿ. ಆಮೇಲೆ ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’. ‘ಇಡಿಯೊಟೆಕ್’ ಮೂರನೆಯದಾಗಿ, ಸ್ವಲ್ಪ ಜೋರಾಗಿ. ಇಷ್ಟು ಒಗ್ಗಿದ ಮೇಲೆ ಮೊದಲಿಂದ ಕೊನೆಯವರೆಗೆ.

ಇನ್ನೊಂದು ಅಡ್ಡದಾರಿ ಇದೆ, ನಿಮ್ಮಂಥವರಿಗೆ ಅದನ್ನೇ ಮೊದಲು ಹೇಳಬೇಕಿತ್ತೇನೋ. 2001ರ ನವೆಂಬರ್‌ನಲ್ಲಿ ‘ಐ ಮೈಟ್ ಬಿ ರಾಂಗ್’ ಎಂಬ ಲೈವ್ ಆಲ್ಬಂ ಬಂತು. ‘ಇಡಿಯೊಟೆಕ್’, ‘ದ ನ್ಯಾಷನಲ್ ಆಂಥಮ್’, ‘ಎವೆರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್’, ‘ಮಾರ್ನಿಂಗ್ ಬೆಲ್’ ಎಲ್ಲ ಅದರಲ್ಲಿವೆ. ಸ್ಟುಡಿಯೊದಲ್ಲಿ ಯಂತ್ರ ಮಾಡಿದ್ದನ್ನು ವೇದಿಕೆಯ ಮೇಲೆ ಐದು ಜನ ಕೈಯಾರೆ ಮಾಡುತ್ತಾರೆ. ಸೆಲ್ವೇ ಮಷೀನಿನ ಬಡಿತದ ಪಕ್ಕದಲ್ಲಿ ತನ್ನ ಜಾಗ ಕಂಡುಕೊಂಡದ್ದು ಹೇಗೆ ಎಂಬುದು ಅಲ್ಲಿ ನಿಚ್ಚಳವಾಗಿ ಕೇಳುತ್ತದೆ. ಯಾರ್ಕ್ ಹಾಡುತ್ತಿರುವಾಗಲೇ ಜಾನಿ ಒಂದು ಚಿಕ್ಕ ಎಫೆಕ್ಟ್ ಪೆಟ್ಟಿಗೆಯ ಮೇಲೆ ಬೆರಳಾಡಿಸಿ ಆ ದನಿಯನ್ನು ಅಲ್ಲೇ ಹಿಡಿದು, ತಿರುಚಿ, ವಾಪಸ್ ಎಸೆಯುತ್ತಾನೆ. ಅದನ್ನು ಕೇಳಿ ‘ಕಿಡ್ ಎ’ಗೆ ಮರಳಿದವರಿಗೆ ಮೊದಲಿನ ತಣ್ಣನೆಯ ಗೋಡೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಹಿಡಿಸದಿದ್ದರೆ ‘ಇನ್ ರೇನ್‌ಬೋಸ್’ (2007) ಕೇಳಿ. ಗಿಟಾರೂ ಯಂತ್ರವೂ ಒಂದೇ ಪಂಕ್ತಿಯಲ್ಲಿ ಕೂತ ಆಲ್ಬಂ ಅದು. ‘ಕಿಡ್ ಎ’ ಹಿಡಿಸಲಿಲ್ಲ ಎನ್ನುವುದು ಅಪರಾಧವೇನಲ್ಲ, ಗೆಳೆಯರಿಗೆ ಹಾಗೇ ಹೇಳಿ.

ಹಿಡಿಸಿದರೆ, ಅದೇ ಧ್ವನಿಮುದ್ರಣಗಳ ಉಳಿದ ಅರ್ಧ 2001ರಲ್ಲಿ ಬಂದ ‘ಅಮ್ನೀಸಿಯಾಕ್’ನಲ್ಲಿದೆ. ಅದರ ‘ಪಿರಮಿಡ್ ಸಾಂಗ್’ ಹಾಕಿ ಪಿಯಾನೋ ಜೊತೆ ತಾಳ ಹಾಕಲು ನೋಡಿ. ಡ್ರಮ್ಸ್ ಬರುವವರೆಗೆ ಕೈ ಎಲ್ಲಿ ಬೀಳಬೇಕೋ ತಿಳಿಯುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಇದರ ಬಗ್ಗೆ ಪುಟಗಟ್ಟಲೆ ಜಗಳವಿದೆ. ನಾನು ಲೆಕ್ಕ ಹಾಕುವುದು ಹೀಗೆ: ತಕಿಟ ತಕಿಟ ತಕಧಿಮಿ ತಕಿಟ ತಕಿಟ. ಮೂರು, ಮೂರು, ನಾಲ್ಕು, ಮೂರು, ಮೂರು, ಒಟ್ಟು 16. ನಡೆ ಸ್ವಲ್ಪ ತೂಗಾಡುತ್ತದೆ, ಅದಕ್ಕೆ ಅವಕಾಶ ಕೊಡಿ. ನಿಮ್ಮ ಧಾರವಾಡದಲ್ಲಿ ತಬಲಾ ನುಡಿಸುವವರಿಗೇನು ಕಡಿಮೆಯೇ, ಯಾರನ್ನಾದರೂ ಕೂರಿಸಿಕೊಂಡು ಕೇಳಿಸಿ. ಅವರು ಬೇರೆ ಲೆಕ್ಕ ಹೇಳಿದರೆ ನನಗೂ ಬರೆದು ತಿಳಿಸಿ.